ಮೊದಲ ಉಡಿ

ಕೊಬ್ಬರಿ ಬಟ್ಟಲು ಬಿಸಿಲಿಗೆ ಎಣ್ಣೆ ಬಿಡುತ್ತಿದೆ, ಹಸಿರು ಸೀರೆಗೆ ಕಲೆಯಾದೀತು, ಹೊಳೆವ್ವ ಬುಟ್ಟಿಯನ್ನು ನೆರಳಿಗೆ ಸರಿಸಿದಳು, ನಿಪ್ಪಾಣಿಯಿಂದ ಮುಗಳಖೋಡದವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು, ಬೀಡಿ ಕಟ್ಟುವ ಕೈ, ತಂಬಾಕಿನ ವಾಸನೆ ತಾಗಬಾರದೆಂದು ಸೋಪು ಹಚ್ಚಿ ಹಚ್ಚಿ ತೊಳೆದಿದ್ದಳು, ಈಗ ನೋಡಿದರೆ ಬೀಗರ ಅಂಗಳದ ಕಟ್ಟೆಯ ಮೇಲೆ ಒಬ್ಬಳೇ, ಮಗಳು ಅಕ್ಕಾತಾಯಿ ಒಳಗೆ ಮಣೆಯ ಮೇಲೆ, ಏಳು ತಿಂಗಳು, ಚೊಚ್ಚಲ, ಕುಬಸದ ದಿನ ಮೊದಲ ಉಡಿ ತುಂಬಬೇಕಾದವಳು ಹಡೆದವ್ವ — ಭಂಡಾರ ಹಚ್ಕೋರಿ, ದೇವಿಗೆ ಕೈ ಮುಗೀರಿ, ಆಮ್ಯಾಲ ಉಡಿ ತುಂಬ್ರಿ, ನಮ್ಮ ಮನ್ಯಾಗ ಪದ್ಧತಿ ಐತಿ, ಎಂದು ಬೀಗತಿ ಸಕ್ಕುಬಾಯಿ ಅರಿಶಿಣದ ಬಟ್ಟಲು ಹೊಸ್ತಿಲ ಮೇಲಿಟ್ಟು ಹೋದಳು, ಜಗಳವಾಡುವ ಹೆಂಗಸಲ್ಲ, ಮರ್ಯಾದೆಯಿಂದಲೇ ಹೇಳಿದಳು, ಅದೇ ಕಷ್ಟ. ಗಂಡ ಮಾಳಸಿದ್ದ ಹಣೆತುಂಬ ಹಚ್ಚಿಕೊಂಡು ಆಗಲೇ ಒಳಗೆ ಚಹಾ ಕುಡಿಯುತ್ತಿದ್ದಾನೆ, ಒಂದ ಬಟ್ಟ ಇಟ್ಕೊಂಡ್ರ ನಿನ್ನ ಯೇಸು ಸಾಯ್ತಾನೇನ, ಎಂದು ಬೈದೇ ಒಳಗೆ ಹೋದವನು, ಸತ್ತಾನಲ್ಲ, ಸತ್ತು ಎದ್ದೂ ಬಂದಾನ, ಅನ್ನಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದಳು. ಅಕ್ಕಾತಾಯಿ ಕೂಸಿದ್ದಾಗ ಜ್ವರ, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು, ಪಾಸ್ಟರ ಹೆಂಡತಿ ಬಂದು ಮಂಡಿಯೂರಿ ಕೂತವಳು ಜ್ವರ ಇಳಿಯುವವರೆಗೂ ಏಳಲಿಲ್ಲ, ಆ ಮಗಳಿಗಾಗಿಯೇ ಹಿಡಿದ ದೇವರು, ಈಗ ಆ ಮಗಳ ಬಾಗಿಲಲ್ಲೇ ಅಡ್ಡ. ಜತೆಗೆ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋದರು, ಭಾನುವಾರ ಚಾಪೆಯ ಮೇಲೆ ಅವಳೊಬ್ಬಳೇ, ಪಾಸ್ಟರು ಅವಳೊಬ್ಬಳನ್ನೇ ನೋಡುತ್ತ ಪ್ರಿಯರೇ ಎಂದು ಶುರುಮಾಡುತ್ತಾರೆ, ನಗು ಬರುತ್ತದೆ, ಮನೆಗೆ ಬಂದ ಮೇಲೆ ಅಳು. ಒಳಗೆ ಬೆಳಗಿನಿಂದ ಹಾಡುತ್ತಿದ್ದ ಟೇಪ್‌ರೆಕಾರ್ಡರ್ ನಿಂತಿತು, ತೆರೆದ ಬಾಗಿಲಿನಿಂದ ಕಾಣುತ್ತದೆ, ಅಕ್ಕಾತಾಯಿ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಾಳೆ, ಉಡಿ ಒಡ್ಡುತ್ತಿಲ್ಲ, ನಮ್ಮವ್ವ ಬರ್ಲಿ, ಯವ್ವಾ, ಒಳಗ ಬಾರ ಬೇ — ಹೊಳೆವ್ವನ ಕಾಲು ತಾವೇ ಎದ್ದವು, ಹೊಸ್ತಿಲು, ಬಟ್ಟಲು, ಬೆರಳು ಅದ್ದಿದರೆ ಸಾಕು, ಆಮೇಲೆ ತೊಳೆದುಕೊಂಡರಾಯಿತು, ತಂಬಾಕು ತೊಳೆದ ಹಾಗೆ, ಯಾರಿಗೆ ಗೊತ್ತಾಗುತ್ತದೆ, ಆತನಿಗೆ, ತನಗೆ, ಸ್ವಾಮಿ ಕೈ ಹಿಡಿ, ಎಷ್ಟು ಒಂಟಿ ಮಾಡಿದಿಯಪ್ಪಾ ನನ್ನನ್ನು, ಬೆರಳು ಅದ್ದಲಿಲ್ಲ, ಬುಟ್ಟಿ ಹಿಡಿದು ಅಲ್ಲೇ ನಿಂತಳು. ಮಗಳು ನೋಡಿದಳು, ನೋಡುತ್ತಲೇ ಇದ್ದಳು, ಮುಖ ತಿರುಗಿಸಿದಳು, ಆ ಮುಷ್ಟಿ, ಮುಷ್ಟಿಯೊಳಗಿನ ಸೆರಗು, ಬೆರಳು ಸಡಿಲಾಗುತ್ತಿವೆ, ಬೇಡವ್ವಾ, ಇನ್ನೊಂದು ಚೂರು ಹಿಡಿ, ಮುಷ್ಟಿ, ಸೆರಗು, ಸೆರಗು ಬಿಚ್ಚಿಕೊಂಡಿತು, ಅದರೊಳಗೆ ಸಕ್ಕುಬಾಯಿಯ ಕೈಯ ಅಕ್ಕಿ —