ಚುಕ್ಕಿಯ ಎರಡು ತೂಕ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಪಟ್ಟಿ ಅಂಟಿಸಿತ್ತು. ಎಡಗಡೆ ನನ್ನ ಮಗಳು ಚುಕ್ಕಿಯ ತೂಕ, ಬಲಗಡೆ ನನ್ನ ವಾರಗಿತ್ತಿಯ ಮಗ ಗುಂಡನ ತೂಕ. ಸ್ಕೇಲಿಟ್ಟು ಗೆರೆ ಎಳೆದವಳು, ತಿಂಗಳುಗಳನ್ನು ಬರೆದವಳು, ಮೂಲೆಗೆ ಟೇಪು ಹಚ್ಚಿದವಳು ಎಲ್ಲ ವಾರಗಿತ್ತಿಯೇ. ಅವಳ ಅಕ್ಷರವೂ ಅವಳ ಮಗನ ಹಾಗೆ ದುಂಡು ದುಂಡು.

ಚುಕ್ಕಿ ಗುಂಡನಿಗಿಂತ ಹತ್ತೊಂಬತ್ತು ದಿನ ದೊಡ್ಡವಳು. ಆ ಹತ್ತೊಂಬತ್ತು ದಿನ ಮಾತ್ರ ನಾನು ಈ ಮನೆಯಲ್ಲಿ ಮೈದುನನ ಹೆಂಡತಿಗಿಂತ ಮುಂದಿದ್ದೆ. ಆಮೇಲೆ ಗುಂಡ ಬಂದ. ಕೊಟ್ಟಿದ್ದೆಲ್ಲ ತಿಂದ, ಮಲಗಿಸಿದಲ್ಲಿ ಮಲಗಿದ, ಯಾರು ಕರೆದರೂ ನಕ್ಕ. ನನ್ನ ಮಗಳು ತುತ್ತನ್ನು ಕೆನ್ನೆಯೊಳಗೆ ಇಟ್ಟುಕೊಂಡು ಅರ್ಧ ಗಂಟೆ ಯೋಚನೆ ಮಾಡುತ್ತಿದ್ದಳು.

"ಇವಳು ತುತ್ತನ್ನ ಬಾಡಿಗೆಗೆ ಇಟ್ಕೊಂಡಿದಾಳೆ ಕಣೇ," ಎಂದು ಅತ್ತೆ ನಗುತ್ತಿದ್ದರು. ನಗುತ್ತಲೇ ಗುಂಡನನ್ನು ತೊಡೆಗೆ ಎಳೆದುಕೊಳ್ಳುತ್ತಿದ್ದರು. "ಅಬ್ಬಾ, ಏನ್ ಭಾರ ಇವನು!"

ಆ 'ಅಬ್ಬಾ' ನನಗೆ ಬೇಕಿತ್ತು. ಒಂದೇ ಒಂದು ಸಲ.

ನಾನು ಪಾರ್ಸೆಲ್ ಆಫೀಸಿನಲ್ಲಿ ತೂಕದ ಕೌಂಟರಿನಲ್ಲಿ ಕೂರುವವಳು. ಹತ್ತು ಗ್ರಾಂ ಹೆಚ್ಚಿದ್ದರೂ ಡಬ್ಬ ವಾಪಸ್ ತಳ್ಳುತ್ತೇನೆ. ಜನ ಬೇಡುತ್ತಾರೆ, ಬೈಯುತ್ತಾರೆ, ನಾನು ಮಿಷನ್ನಿನ ಕಡೆ ಬೆರಳು ತೋರಿಸಿ ಸುಮ್ಮನಿರುತ್ತೇನೆ. ಅಂಥವಳು ಚುಕ್ಕಿಯ ಐದನೇ ತಿಂಗಳಲ್ಲಿ ಇನ್ನೂರು ಗ್ರಾಂ ಸೇರಿಸಿ ಹೇಳಿದೆ.

ಅವಳನ್ನು ತೂಕ ಮಾಡಿಸುತ್ತಿದ್ದದ್ದು ನನ್ನ ಆಫೀಸಿನ ಹಿಂದಿನ ಕ್ಲಿನಿಕ್ಕಿನಲ್ಲಿ, ನನ್ನ ರಜೆಯ ದಿನ, ನಾನೊಬ್ಬಳೇ ಹೋಗಿ. ಅಲ್ಲಿನ ನರ್ಸ್ ಪ್ರತಿ ಸಲ ಬೆಳವಣಿಗೆಯ ಕಾರ್ಡಿನ ಮೇಲೆ ಚುಕ್ಕೆ ಇಟ್ಟು ಅದೇ ಮಾತು ಹೇಳುತ್ತಿದ್ದಳು: "ಇವಳು ಇವಳ ಗೆರೆ ಮೇಲೇ ಹತ್ತುತಾ ಇದಾಳೆ. ಆಡ್ತಾಳೆ, ನಿದ್ದೆ ಮಾಡ್ತಾಳೆ, ಇನ್ನೇನು ಬೇಕು ನಿಮಗೆ? ಪಕ್ಕದ ಮನೆ ಮಗು ನೋಡೋದು ಬಿಡಿ."

ಪಕ್ಕದ ಮನೆಯಾಗಿದ್ದರೆ ಬಿಡುತ್ತಿದ್ದೆ. ಪಕ್ಕದ ರೂಮು.

ಆರನೇ ತಿಂಗಳಲ್ಲಿ ನಿಜ ಹೇಳೋಣವೆಂದರೆ ಮಗು ಇಳಿದುಹೋದ ಹಾಗೆ ಕಾಣುತ್ತದೆ. ಆದ್ದರಿಂದ ಸುಳ್ಳನ್ನೂ ಬೆಳೆಸಬೇಕಾಯಿತು. ಅದಂತೂ ತುತ್ತು ಉಗುಳದ ಮಗು, ಚೆನ್ನಾಗಿ ಬೆಳೆಯಿತು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅಂಕಿ ಹೇಳುತ್ತಿದ್ದೆ. ವಾರಗಿತ್ತಿ ಪೆನ್ನು ತೆಗೆದು ಬರೆಯುತ್ತಿದ್ದಳು. "ಒಳ್ಳೇದಾಯ್ತು ಅಕ್ಕ," ಎನ್ನುತ್ತಿದ್ದಳು. ಅಷ್ಟೇ. ಹದಿನಾಲ್ಕನೇ ತಿಂಗಳಿಗೆ ಚುಕ್ಕಿ ಕ್ಲಿನಿಕ್ಕಿನಲ್ಲಿ ಎಂಟು ಕಿಲೊ ನಾನೂರು, ಫ್ರಿಜ್ಜಿನ ಮೇಲೆ ಹತ್ತು ಕಿಲೊ ಆರುನೂರು.

ಅದೇ ವಾರ ಅವಳಿಗೆ ಜ್ವರ ಬಂತು.

ನಾನು ಕೌಂಟರಿನಲ್ಲಿದ್ದೆ. ಮುಂದೆ ಏಳೆಂಟು ಜನರ ಸಾಲು. ವಾರಗಿತ್ತಿಯ ಫೋನು.

"ಅಕ್ಕ, ಚುಕ್ಕಿ ಮೈ ಸುಡ್ತಿದೆ. ಥರ್ಮಾಮೀಟರ್ ಇಟ್ಟೆ, ನೂರಾ ಎರಡು. ನೀರು ಕುಡೀತಿದಾಳೆ, ಆಡ್ತಾನೂ ಇದಾಳೆ. ಜ್ವರದ ಸಿರಪ್ ಕೊಡ್ತೀನಿ. ಎಷ್ಟು ಕೊಡ್ಲಿ? ತೂಕ ನೋಡಿ ಕೊಡಿ ಅಂತಿದೆ ಬಾಟ್ಲಿ ಮೇಲೆ."

ಕಿಟಕಿಯ ಆಚೆ ಒಬ್ಬ ಮುದುಕ ತನ್ನ ಡಬ್ಬವನ್ನು ಮಿಷನ್ನಿನ ಮೇಲಿಟ್ಟು, ಅದು ಕಡಿಮೆ ತೋರಿಸಲಿ ಎಂದು ಒಂದು ಅಂಚನ್ನು ಮೆಲ್ಲಗೆ ಎತ್ತಿ ಹಿಡಿದಿದ್ದ.

"ಫ್ರಿಜ್ ಮೇಲೆ ಇದ್ಯಲ್ಲ," ಎಂದೆ.

ಅವಳು ಬಿಡಿಸಿ ಕೇಳಿದಳು: "ಪಟ್ಟಿ ನೋಡಿ ಕೊಡ್ಲಾ?"

"ಹೂಂ, ನೋಡ್ಕೊಂಡು ಕೊಡು."

ಫೋನಿಟ್ಟೆ. "ಕೈ ತೆಗೀರಿ ಅಜ್ಜ," ಎಂದೆ. ಮುದುಕ ಕೈ ತೆಗೆದ, ಅಂಕಿ ಸರ್ರನೆ ಮೇಲೇರಿತು. ಆಗ ನನಗೆ ಹೊಳೆಯಿತು. ಎಂಟು ಕಿಲೊ ಮಗುವಿಗೆ ಹತ್ತು ಕಿಲೊ ಮಗುವಿನ ಔಷಧಿ. ಕೊಡು ಎಂದವಳು ನಾನೇ.

ವಾಪಸ್ ಫೋನು ಮಾಡಿದೆ. ಎತ್ತಲಿಲ್ಲ. ಮೂರು ಸಲ, ನಾಲ್ಕು ಸಲ. ಪಕ್ಕದ ಕೌಂಟರಿನವಳಿಗೆ ಸಾಲು ಒಪ್ಪಿಸಿ ಆಟೊ ಹತ್ತಿದೆ. ಆಟೊದಿಂದಲೇ ಕ್ಲಿನಿಕ್ಕಿನ ನರ್ಸಿಗೆ ಫೋನು ಮಾಡಿದೆ.

"ಸಿರಪ್ ಜಾಸ್ತಿ ಹೋಗಿರಬಹುದು ಸಿಸ್ಟರ್."

"ಮಗು ತೂಕ ಎಷ್ಟು?"

"ಯಾವ ತೂಕ?"

"ಯಾವ ತೂಕ ಅಂದ್ರೆ? ಒಂದು ಮಗುಗೆ ಎರಡೆರಡು ತೂಕ ಇರುತ್ತೇನ್ರೀ?"

ಎಂಟು ನಾನೂರು ಎಂದೆ. ಹತ್ತು ಆರುನೂರಕ್ಕೆ ಲೆಕ್ಕ ಹಾಕಿರಬಹುದು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ, ಆ ಪುಣ್ಯಾತ್ಗಿತ್ತಿ.

"ಐದು ಎಂ.ಎಲ್. ಜಾಗದಲ್ಲಿ ಆರೂವರೆ ಹೋಗಿರುತ್ತೆ. ಒಂದು ಸಲಕ್ಕೆ ಗಾಬರಿ ಬೀಳೋ ಅಷ್ಟಿಲ್ಲ. ಆದ್ರೆ ಹೀಗೇ ದಿನಕ್ಕೆ ಮೂರು ನಾಲ್ಕು ಸಲ, ಎರಡು ಮೂರು ದಿನ ಕೊಟ್ರೆ ಲಿವರಿಗೆ ಕಷ್ಟ. ಈಗ್ಲೇ ಮನೇಲಿ ಎಲ್ರಿಗೂ ಸರಿಯಾದ ತೂಕ ಹೇಳಿ. ಕೊಟ್ಟ ಮೇಲೆ ಆರು ಗಂಟೆ ಕಾಲ ಮತ್ತೆ ಕೊಡಬೇಡಿ. ಮಂಕಾದ್ರೆ, ಕುಡಿಯೋದು ಬಿಟ್ರೆ ಎತ್ಕೊಂಡು ಬನ್ನಿ."

ಎಲ್ಲರಿಗೂ ಹೇಳಿ. ಅವಳು ಎಷ್ಟು ಸುಲಭವಾಗಿ ಹೇಳಿಬಿಟ್ಟಳು. ನಾನು ಉಪಾಯ ಹುಡುಕತೊಡಗಿದೆ. ಡಾಕ್ಟರು ಕಡಿಮೆ ಕೊಡಲು ಹೇಳಿದರು ಎನ್ನಬಹುದು. ಬೇರೆ ಸಿರಪ್ ತರಬಹುದು. ಜ್ವರಕ್ಕೆ ಮಗು ಒಂದೇ ದಿನದಲ್ಲಿ ಎರಡು ಕಿಲೊ ಇಳಿಯಿತು ಎನ್ನಬಹುದೇ? ಇಂಥ ಹೊತ್ತಲ್ಲೂ ನನ್ನ ತಲೆ ಗುಂಡನ ಜೊತೆ ತಕ್ಕಡಿ ಹಿಡಿದೇ ಕೂತಿತ್ತು.

ಮನೆಯಲ್ಲಿ ಅತ್ತೆ ನಡುಮನೆಯಲ್ಲಿ ಕೂತು ಗುಂಡನಿಗೆ ಸಾಕ್ಸ್ ಹಾಕುತ್ತಿದ್ದರು. ವಾರಗಿತ್ತಿ ಕಿಟಕಿಯ ಹತ್ತಿರ ಚುಕ್ಕಿಯನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು. ಮಗಳು ಅವಳ ಕತ್ತಿನಲ್ಲಿ ಮುಖ ಹುದುಗಿಸಿ ನಿದ್ದೆ ಹೋಗಿದ್ದಳು. ನನ್ನ ಹೆಗಲ ಮೇಲೆ ಅವಳು ಹೀಗೆ ನಿದ್ದೆ ಮಾಡಿದ್ದು ಯಾವಾಗ? ನೆನಪು ಮಾಡಿಕೊಳ್ಳಲು ಹೋದೆ, ಬಿಟ್ಟೆ.

"ಫೋನ್ ಯಾಕೆ ಎತ್ತಲಿಲ್ಲ?"

"ಕೈಲಿ ಇವಳಿದ್ಲಲ್ಲ ಅಕ್ಕ. ಈಗಷ್ಟೇ ಬೆವರಿತು. ಯಾಕೆ, ರಜ ಹಾಕಿ ಬಂದ್ರಾ?"

ಅತ್ತೆ ತಲೆ ಎತ್ತಿದರು. ಹೇಳಬೇಕಾದ ಮಾತು ಚುಕ್ಕಿಯ ತುತ್ತಿನ ಹಾಗೆ ನನ್ನ ಕೆನ್ನೆಯಲ್ಲಿ ಕೂತಿತ್ತು.

"ಆ ಪಟ್ಟಿ ಸುಳ್ಳು," ಎಂದೆ. "ಅವಳು ಹತ್ತೂವರೆ ಇಲ್ಲ. ಎಂಟು ನಾನೂರು. ಐದನೇ ತಿಂಗಳಿಂದ ನಾನು ಸುಳ್ಳು ಬರೆಸ್ತಾ ಇದೀನಿ. ಸಿರಪ್ ಎಷ್ಟು ಕೊಟ್ಟೆ ಹೇಳು, ಬೇಗ."

"ಐದು," ಎಂದಳು ವಾರಗಿತ್ತಿ.

"ಪಟ್ಟಿ ನೋಡಿ ಕೊಡ್ಲಾ ಅಂದ್ಯಲ್ಲ?"

"ಅಂದೆ." ಅವಳು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ. "ದಿನವಿಡೀ ಇಬ್ಬರನ್ನೂ ಎತ್ತಿ ಇಳಿಸೋಳು ನಾನು ಅಕ್ಕ. ನನ್ನ ತೋಳಿಗೆ ಗೊತ್ತಾಗಲ್ವಾ? ಮೆಡಿಕಲ್ ಶಾಪ್ ಮಿಷನ್ ಮೇಲೆ ತಿಂಗಳಿಗೊಂದ್ಸಲ ಇವಳನ್ನ ಎತ್ಕೊಂಡು ನಿಲ್ತೀನಿ, ಆಮೇಲೆ ಒಬ್ಬಳೇ ನಿಂತು ಕಳೀತೀನಿ. ಇವತ್ತು ನೀವೇ ಹೇಳ್ತೀರೇನೋ ಅಂತ ಫೋನ್ ಮಾಡಿದ್ದು."

"ಗೊತ್ತಿದ್ದೂ ಬರೀತಿದ್ಯಾ?"

"ನೀವು ಅಷ್ಟು ಖುಷಿಯಾಗಿ ಹೇಳ್ತಿದ್ರಿ."

ಮಗಳು ಪಾರಾದಳು. ಆ ಸಮಾಧಾನ ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಎದ್ದಿತು, ಹಳೆಯದೇ, ಹೊಸ ಉಗುರು ಬೆಳೆಸಿಕೊಂಡು: ನನ್ನ ಸುಳ್ಳನ್ನೂ ಇವಳು ನನಗಿಂತ ಅಚ್ಚುಕಟ್ಟಾಗಿ ಕಾಪಾಡಿದ್ದಾಳೆ.

ಅತ್ತೆ ಗುಂಡನ ಇನ್ನೊಂದು ಸಾಕ್ಸನ್ನು ಕೈಯಲ್ಲೇ ಹಿಡಿದು, "ಎಂಥ ಹುಚ್ಚಿಯೇ ನೀನು," ಎಂದರು. ನಂತರ ಸ್ವಲ್ಪ ಮೆತ್ತಗೆ, "ಭಾರ ಅಂತ ಸುಮ್ನೆ ಬಾಯಿಗೆ ಬಂದ ಹಾಗೆ ಅಂತಿದ್ದೆ ಕಣೇ. ಇವನನ್ನ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿದೆ," ಎಂದರು.

ನಾನು ಕೈ ಚಾಚಿದೆ. ವಾರಗಿತ್ತಿ ಚುಕ್ಕಿಯನ್ನು ಕೊಟ್ಟಳು. ಬಿಸಿ, ಒದ್ದೆ, ಹಗುರ.

"ಮುಂದಿನ ಡೋಸ್ ಎಂಟು ಗಂಟೆಗೆ ಅಕ್ಕ, ಅದೂ ಜ್ವರ ಇದ್ರೆ ಮಾತ್ರ. ಐದೇ."

"ಗೊತ್ತು. ನಿನಗಿಂತ ಮೊದಲೇ ಗೊತ್ತಿತ್ತು ನಂಗೆ."

ಮಗಳನ್ನು ಹೆಗಲಿಗೆ ಹಾಕಿಕೊಂಡು ಫ್ರಿಜ್ಜಿನ ಹತ್ತಿರ ಹೋಗಿ ಪಟ್ಟಿಯನ್ನು ಕಿತ್ತೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಅವಳ ದುಂಡು ಅಂಕಿಗಳ ಒಂದೇ ಸಾಲು, ಐದನೇ ತಿಂಗಳಿಂದ. ಕೊನೆಯದನ್ನು ಓದಿದೆ. ಇನ್ನೊಮ್ಮೆ ಓದಿದೆ.

"ಎಂಟು ಮುನ್ನೂರು ಅಂತ ಬರೆದಿದ್ಯಲ್ಲ!"

"ಮಿಷನ್ ಅಷ್ಟೇ ತೋರಿಸ್ತು ಅಕ್ಕ."

"ಆ ಅಂಗಡಿ ಮಿಷನ್ ಕೆಟ್ಟಿದೆ. ಎಂಟು ನಾನೂರು. ಕ್ಲಿನಿಕ್ ಕಾರ್ಡ್ ತೋರಿಸ್ಲಾ? ಪೆನ್ನು ಕೊಡು ಇಲ್ಲಿ."

ಅವಳು ನಕ್ಕಳು. ನಾನು ನಗಲಿಲ್ಲ. ಆ ನೂರು ಗ್ರಾಂ ನಿಜವಾಗಿ ನನ್ನ ಮಗಳದು.