ಹೊಳಲ್ಕೆರೆ ದಾರಿಯ ತೊಟ್ಟಿಲು

ಬಂದು ಕುಟ್ತು, ಮತ್ತೆ ಕುಟ್ತು, ಕಿಟಕಿ ಸರಳಿಗೆ ಕಟ್ಟಿದ ಈ ಟ್ರಾನ್ಸಿಸ್ಟರು, ಹೊಸದುರ್ಗ ಬಿಟ್ಟಾಗಿನಿಂದ ಬಸ್ಸು ಗುಂಡಿಗೆ ಇಳಿದಾಗೆಲ್ಲ ನನ್ನ ಭುಜಾನೇ ಹುಡುಕ್ಕಂಡು ಬರ್ತೈತೆ, ಹೊಸ ಚರ್ಮದ ವಾಸನೆ ಬೇರೆ — ತೊಡೆ ಮೇಲಿಟ್ಕಳ್ರಿ ಅಂದ್ರೆ ಇವರು, ಬಿಗಿಯಾಗಿ ಕಟ್ಟೀನಿ ಕಣೆ ಚಂದ್ರಿ, ಬೀಳಲ್ಲ ಅಂತಾರೆ, ಬೀಳಲ್ಲ ಅಂತ ನಂಗೂ ಗೊತ್ತು, ಇವರು ಕಟ್ಟಿದ್ದು ಯಾವತ್ತು ಬಿದ್ದೈತೆ, ಬೆಂಗಳೂರಿನ ಆಫೀಸಿನಲ್ಲಿ ಹಗಲೆಲ್ಲ ಹಳೇ ಫೈಲು ಕಟ್ಟಿಡೋ ಪಂಚಾಕ್ಷರಪ್ಪನೋರ ಕೈ ಇದು, ಮನೇಲಿ ಹುಣಸೆಹಣ್ಣಿನ ಪೊಟ್ಟಣ ಕಟ್ಟಿದ್ರೂ ಅದೇ ಗಂಟು, ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಎಳೆದು ನೋಡೋದು, ಬಿಚ್ಚಬೇಕಂದ್ರೆ ನನ್ನ ಹಲ್ಲೇ ಆಗಬೇಕು. ಕಾಲ ಹತ್ರ ಚೀಲ, ಚೀಲದಲ್ಲಿ ತೊಟ್ಟಿಲು, ಅಂಗೈಯಗಲದ ಮರದ ತೊಟ್ಟಿಲು, ಅತ್ತೆ ಕೊಟ್ಟು ಕಳಿಸಿದ್ದು — ಹೊಳಲ್ಕೆರೆ ಈಚೆಗೆ ನನ್ನ ತವರೂರಿನ ದಾರಿಯಾಗೆ ಅಮ್ಮನೋರ ಬೇವಿನ ಮರ ಐತೆ, ನಿಮ್ಮ ಮಾವ ಕಟ್ಟಿ ನಾನು ತೂಗಿದ ಮೇಲೇನೇ ಕಣವ್ವ ಇವನು ಹುಟ್ಟಿದ್ದು, ಗಂಡ ಕಟ್ಟಬೇಕು, ಹೆಂಡ್ತಿ ತೂಗಬೇಕು, ಗಿರಿಜೆ ಬೆನ್ನಿಗೊಂದು ಗಂಡು ಬರಲಿ ಅಂತ. ಗಿರಿಜೆ, ನನ್ನ ಮಗಳು, ಇನ್ನೂ ಸ್ಕೂಲಿಗೆ ಸೇರಿಲ್ಲ, ಅಷ್ಟರಲ್ಲೇ ಆ ತೊಟ್ಟಿಲೊಳಗೆ ಚಿಂದಿ ಗೊಂಬೆ ಮಲಗಿಸಿ ಜೋ ಜೋ ಅಂತಿದ್ಲು, ಅತ್ತೆ ಕಿತ್ಕಂಡ್ರು, ದೇವರದ್ದು ಕಣೆ ಮುಟ್ಟಬ್ಯಾಡ, ಹೊರಡುವಾಗ ಬಾಗಿಲು ಹಿಡ್ಕಂಡು ಅತ್ತಿದ್ದು ಇನ್ನೂ ಕಿವಿಯಲ್ಲೇ ಐತೆ.

ತೊಟ್ಟಿಲಂತೆ, ಯಾವ ಮಗೂಗೆ? ಕೇಳಿಬಿಡ್ಲಾ, ಈ ಬಸ್ಸಿನಲ್ಲೇ, ಎಲ್ಲರ ಮುಂದೇನೇ — ಹೊರಡೋ ಹಿಂದಿನ ದಿನ ನಮ್ಮ ವಠಾರದ ನಲ್ಲಿ ಹತ್ರ ಖಾತುನ್ ಬೀ ಕೊಡ ಇಟ್ಟು ಕೇಳಿದ್ದು, ಅವಳ ಗಂಡ ತಾಜುದ್ದೀನ್ ಇವರ ಆಫೀಸಿನಲ್ಲೇ ಜವಾನ, ನಮ್ಮೋರೂ ನಿಮ್ಮೋರೂ ಒಂದೇ ವ್ಯಾನಿನಾಗೆ ಹೋಗಿ ಮಕ್ಳಾಗದಂಗೆ ಆಪರೇಷನ್ ಮಾಡಿಸ್ಕಂಡು ಬಂದ್ರಲ್ಲ ಚಂದ್ರಕ್ಕ, ನಮ್ಮೋರಿಗೆ ಇನ್ನೂ ನೋವು ಹೋಗಿಲ್ಲ, ನಿಮ್ಮೋರಿಗೆ ಹೆಂಗೈತೆ, ನಮಗೆ ತುಪ್ಪದ ಡಬ್ಬಿ ಕೊಟ್ರು, ನಿಮಗೆ ರೇಡಿಯೋ ಅಂತೆ. ಹೂಂ ವಾಸಿ ಕಣ್ರಿ ಅಂದೆ, ಆ ಮಾತು ಹೆಂಗೆ ಬಾಯಿಗೆ ಬಂತೋ, ಕೊಡ ತುಂಬಿ ಹರೀತಾ ಇತ್ತು, ಸೀರೆ ನೆರಿಗೆ ಎಲ್ಲ ನೀರು. ಇವರು ನಂಗೆ ಹೇಳಿದ್ದೇನು, ತುಮಕೂರಿಗೆ ಡ್ಯೂಟಿ ಮೇಲೆ ಹೋಗಿದ್ದೆ, ಅಲ್ಲಿ ಯಾರದೋ ಸೈಕಲ್ ಹತ್ತಿ ಬಿದ್ದೆ, ಈ ಟ್ರಾನ್ಸಿಸ್ಟರು ಆಫೀಸಿನಲ್ಲಿ ಚೀಟಿ ಎತ್ತಿದ್ರು, ನನ್ನ ಹೆಸರಿಗೆ ಬಂತು — ನಾನು ದಡ್ಡಿ, ಕಾಲು ಎಳೀತಾರಲ್ಲಪ್ಪ ಅಂತ ಬಿಸಿನೀರು ಕಾಯಿಸಿ ಕಾಯಿಸಿ ಕೊಟ್ಟೆ. ಎಮರ್ಜೆನ್ಸಿ ಕಾಲ, ಮಾಡಿಸ್ಕಳ್ಳದಿದ್ರೆ ಸಂಬಳ ನಿಲ್ಲಿಸ್ತೀವಿ ಅಂದ್ರಂತೆ, ಅದನ್ನೂ ಖಾತುನ್ ಬೀನೇ ಹೇಳಿದ್ಲು, ಹೆದರಿದ್ರು, ಹೋದ್ರು, ಆಯ್ತು, ಬಂದು ನನ್ನ ಮುಂದೆ ಕುಂತು ಅತ್ತಿದ್ರೆ ನಾನೂ ಅಳ್ತಿದ್ದೆ, ಇಬ್ರೂ ಅತ್ತು ಮುದ್ದೆ ಮುರೀತಿದ್ವಿ. ಸೈಕಲ್ಲಂತೆ ಸೈಕಲ್ಲು! ನಾನೇ ಕೇಳಬಹುದು, ಕೇಳಿದ್ರೆ ಅದು ಅವರು ಹೇಳಿದ್ದಾಗಲ್ಲ, ನಾನು ಹೇಳ್ಸಿದ್ದಾಗ್ತೈತೆ, ನಂಗದು ಬ್ಯಾಡ. ಮರದ ಹತ್ರ ಹೋಗೋದ್ರೊಳಗೆ ತಾವಾಗೇ ಹೇಳಲಿ, ಕ್ಷಮಿಸಿಬಿಡ್ತೀನಿ, ದೇವರಾಣೆ, ಆದ್ರೆ ಅದು ಗೊತ್ತಿದ್ದೂ ತೊಟ್ಟಿಲು ಕಟ್ಟಿದ್ರೆ — ಕಟ್ಟಿದ್ರೆ ಏನು ಮಾಡ್ತೀಯೇ ಚಂದ್ರಿ?

ರಜಾ ಕೊಟ್ಟವ್ರೆ ಕಣೆ, ದುರ್ಗ ನೋಡಾಣ, ಮಾರಿಕಣಿವೆ ನೋಡಾಣ, ಅಮ್ಮನ ಹರಕೇನೂ ಮುಗ್ಸ್ಕಂಡು ಬರಾಣ ಅಂದಾಗ ಎಷ್ಟು ಖುಷಿ, ಮದುವೆಯಾದ ಮೇಲೆ ಇಬ್ರೇ ಎಲ್ಲಿಗೆ ಹೋಗಿದ್ವಿ. ಚಿತ್ರದುರ್ಗದ ಲಾಡ್ಜಿನಲ್ಲಿ ತಿಗಣೆ, ಕಡಿಮೆ ಬಾಡಿಗೆ ರೂಮು ಅಂದ್ರೆ ತಿಗಣೆಗಳ ಜೊತೆ ನಾವು ಬಾಡಿಗೆಗೆ ಇದ್ದಂಗೆ, ಬೆಳಗ್ಗೆ ಕೋಟೆ ಹತ್ತಿದ್ವಿ, ಬಂಡೆ ಮೇಲೆ ಬಂಡೆ, ಒನಕೆ ಕಿಂಡಿ ಹತ್ರ ಇವರು ಸ್ಕೂಲ್ ಮೇಷ್ಟ್ರ ಥರ ಶುರು ಮಾಡಿದ್ರು, ಇಲ್ಲೇ ನೋಡು, ಒಬ್ಬೊಬ್ಬನೇ ತೂರ್ಕಂಡು ಬರ್ತಾ ಇದ್ರೆ ಆ ಹೆಣ್ಮಗಳು ಒನಕೆಯಿಂದ — ಅವಳ ಗಂಡ ಊಟಕ್ಕೆ ಕುಂತಿದ್ನಂತೆ, ಅವಳು ಹೇಳಲಿಲ್ಲ, ಉಣ್ಣಲಿ ಅಂತ ಸುಮ್ಮನೆ ಬಂದಳು. ಹೌದೇನ್ರಿ, ಗಂಡನಿಗೆ ಹೇಳದೇ ಇದ್ಳಾ ಅಂದೆ, ಮುಖ ನೋಡಿಕೊಂಡೇ ಅಂದೆ. ಎಲ್ಲಾನೂ ಹೇಳಕ್ಕಾಗ್ತೈತಾ ಅಂದ್ರು, ಅಂದು ಬೇಗ ಬೇಗ ಮೆಟ್ಟಿಲು ಹತ್ತಿದ್ರು, ಕಾಲು ಎಳ್ಕಂಡು. ಅಷ್ಟರಲ್ಲಿ ಕೋತಿ ಬಂದು ಬುತ್ತಿ ಗಂಟು ಹೊತ್ಕಂಡು ಹೋತು, ಬಂಡೆ ಮೇಲೆ ಕುಂತು ಎಳೀತು, ಕಚ್ಚಿತು, ಆ ಗಂಟು ಬಿಚ್ಚಕ್ಕಾಗ್ದೆ ನಮ್ಮ ಕಡೆಗೇ ಎಸೀತು, ಅಯ್ಯಪ್ಪ, ಹೊಟ್ಟೆ ಹಿಡ್ಕಂಡು ನಕ್ಕಿದ್ದೀನಿ, ಇವರೂ ನಕ್ರು, ನೋಡಿದ್ಯಾ ನನ್ನ ಕೈಗುಣ ಅಂದ್ರು, ಆ ಗಳಿಗೆ ಎಲ್ಲಾ ಮರೆತೇ ಹೋಗಿತ್ತು. ಹಿರಿಯೂರಿಂದ ಮಾರಿಕಣಿವೆ ಡ್ಯಾಮು, ಅಷ್ಟು ನೀರು, ಎರಡು ಗುಡ್ಡದ ನಡುವೆ ಗಾಳಿ ಕಿವಿ ಮುಚ್ಚೋ ಹಂಗೆ, ಕಟ್ಟೆ ಮೇಲೆ ಕುಂತು ಶೇಂಗಾ ತಿಂತಾ ಇದ್ವಿ, ಇವರು ಸುಲಿದು ಸುಲಿದು ನನ್ನ ಕೈಗೇ ಹಾಕ್ತಾ ಇದ್ರು, ಚಂದ್ರೀ ಅಂದ್ರು, ನಿಂಗೊಂದು ಮಾತು — ನಾನು ಶೇಂಗಾ ಅಗಿಯೋದು ನಿಲ್ಲಿಸ್ದೆ, ಹೇಳ್ರಿ, ಹೇಳಿಬಿಡ್ರಿ, ನೀರು ನೋಡ್ತಾ ಕುಂತಿದ್ರು, ಕೈಯಾಗಿನ ಸಿಪ್ಪೆ ಗಾಳಿಗೆ ಹಾರಿಹೋತು, ಮಾತೂ ಹೋತು, ರೇಡಿಯೋ ಸೆಲ್ಲು ವೀಕಾದ್ವು ಅನ್ಸುತ್ತೆ, ಹಿರಿಯೂರಾಗೆ ಸಿಗ್ತಾವೇನೋ ಅಂದ್ರು. ಸೆಲ್ಲಂತೆ! ಆ ನೀರಿಗೆ ಆ ಡಬ್ಬಾನ ಎಸೀಬೇಕು ಅನ್ನಿಸ್ತು, ಯಾಕೆ ಎಸೀಲಿಲ್ಲವೋ.

ಹೊಸದುರ್ಗದಲ್ಲಿ ಸಂತೆ, ರೂಮು ಇಲ್ಲ, ಛತ್ರದ ಜಗಲಿ ಮೇಲೆ ಮಂದಿ ನಡುವೆ ಮಲಗಿದ್ದು, ಮೈ ಕೈ ಇನ್ನೂ ನೋವು, ಈಗ ಈ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ, ಎದುರು ಸೀಟಿನ ಕಾಟಯ್ಯ ಅನ್ನೋ ಕುರಿಗಾಹಿ ಶ್ರೀರಾಂಪುರದ ಕಡೆಯೋನಂತೆ, ಕಂಬಳಿ ಒಳಗೊಂದು ಮರಿ ಇಟ್ಕಂಡವನೆ, ಮರಿ ನನ್ನ ಸೆರಗು ಅಗೀತೈತೆ, ಅಗೀಲಿ ಬಿಡು. ಎಷ್ಟು ಮಕ್ಳವ್ವ ನಿಮಗೆ ಅಂತಾನೆ. ಒಂದು ಹೆಣ್ಣು ಅಂದೆ. ಇವರ ಕಡೆ ತಿರುಗಿ, ಹಂಗಾದ್ರೆ ಹುಷಾರ್ ಸ್ವಾಮಿ, ಬಸ್ ಸ್ಟ್ಯಾಂಡಿನಾಗೆಲ್ಲ ಆಪರೇಷನ್ ವ್ಯಾನು ನಿಂತವೆ, ಮಕ್ಳಿಲ್ದೋರ್ನೂ ಹಿಡ್ಕಂಡು ಹೋಗ್ತಾರೆ ಅಂತ ನಮ್ಮೂರ ಗಂಡಸ್ರು ಗುಡ್ಡ ಹತ್ತಿ ಕುರಿ ಜೊತೆಗೇ ಇರ್ತಾವ್ರೆ, ನೀವು ಆಫೀಸಿನೋರು, ನಿಮ್ಮನ್ನ ಯಾರು ಮುಟ್ಟಾರು ಬಿಡ್ರಿ — ನಗ್ತಾನೆ, ಪಾಪ. ನಾನು ಇವರ ಕಡೆ ನೋಡಲಿಲ್ಲ, ಕೈ ಮಾತ್ರ ನೋಡ್ದೆ, ಮೇಲಕ್ಕೆ ಹೋತು, ಟ್ರಾನ್ಸಿಸ್ಟರಿನ ತಿರುಪು ತಿರುಗಿಸ್ತು, ಗೊರಗೊರ ಗೊರಗೊರ, ಹಾಡಿಲ್ಲ, ಮಾತಿಲ್ಲ, ಬರೀ ಗೊರಗೊರ, ಅದನ್ನೇ ಜೋರು ಮಾಡಿದ್ರು, ಇನ್ನೂ ಜೋರು, ಕಂಡಕ್ಟರು ಅದೇನ್ ಸ್ವಾಮಿ ಆರಿಸ್ರಿ ಅನ್ನೋವರೆಗೂ. ಹಣೆ ಮೇಲೆ ಬೆವರು. ಅಯ್ಯೋ ನನ್ನಪ್ಪ, ಎಷ್ಟು ಹೆದರ್ತೀರಿ, ನನಗಾ ಹೆದರೋದು, ನಿಮ್ಮ ಬಟ್ಟೆ ಒಗೆಯೋಳಿಗಾ, ಆ ಬೆವರು ಒರೆಸಬೇಕು ಅನ್ನಿಸ್ತು, ಕೈ ಎತ್ತಿದೆ, ಅಷ್ಟರಲ್ಲಿ ಕಂಡಕ್ಟರು ಶೀಟಿ ಊದಿದ, ಬೇವಿನ ಮರ ಯಾರ್ರೀ, ಇಳೀರಿ ಬ್ಯಾಗ ಬ್ಯಾಗ. ಸರಳಿನ ಗಂಟಿಗೆ ನಾನೇ ಹಲ್ಲು ಹಾಕಿ ಬಿಚ್ಚಿದೆ, ಟ್ರಾನ್ಸಿಸ್ಟರು ಇವರ ಹೆಗಲಿಗೇರಿತು.

ಬಸ್ಸು ಹೋತು, ಧೂಳು, ಧೂಳಿನೊಳಗೆ ಮರ, ಮರದ ತುಂಬ ತೊಟ್ಟಿಲು, ಬಣ್ಣ ಹೋದವು, ಹೊಸವು, ತಳ ಕಳಚಿದವು, ಗಾಳಿಗೆ ಒಂದಕ್ಕೊಂದು ತಾಗಿ ಟಕ ಟಕ ಅಂತವೆ. ಮರದ ಕಟ್ಟೆ ಗುಡಿಸೋಳು, ಈರಕ್ಕ ಅಂತೆ, ಪೊರಕೆ ಇಟ್ಟು ಬಂದಳು, ಬರ್ರವ್ವ, ಕುಂತ್ಕಳ್ರಿ, ತೊಟ್ಟಿಲು ತಂದೀರಾ, ನಿನ್ನ ಗಂಡ ಕಟ್ಟಲಿ, ನೀನು ತೂಗು, ತೂಗಿದ ಮೇಲೆ ತಿರುಗಿ ನೋಡಬ್ಯಾಡ್ರಿ. ಚೀಲದಿಂದ ತೆಗೆದು ಕೊಟ್ಟೆ, ಒಳಗೆ ಗಿರಿಜೆಯ ಗೊಂಬೆಯದೊಂದು ಕೆಂಪು ಚಿಂದಿ ಸಿಕ್ಕಂಡಿತ್ತು, ಅದನ್ನ ಕೈಯಲ್ಲೇ ಇಟ್ಕಂಡೆ. ಈಗ ಹೇಳ್ತಾರೆ, ಈಗ, ತೊಟ್ಟಿಲನ್ನ ತಿರುಗಿಸಿ ತಿರುಗಿಸಿ ನೋಡ್ತಾವ್ರೆ, ಹೇಳ್ರಿ, ನಿಮ್ಮ ದಮ್ಮಯ್ಯ, ಬರೀ ಬ್ಯಾಡ ಅಂದ್ರೂ ಸಾಕು. ಅತ್ತೆ ಕೊಟ್ಟ ಅರಿಶಿಣದ ದಾರ ನೋಡಿದ್ರು, ಇದು ಗಾಳಿಗೆ ಕಿತ್ತೋಗ್ತೈತೆ ಅಂದ್ರು, ಅಂದು ಜೇಬಿಗೆ ಕೈ ಹಾಕಿ ಆಫೀಸಿನ ಫೈಲು ಕಟ್ಟೋ ಟೇಪು ತೆಗೆದ್ರು, ಮುಖದೆತ್ತರಕ್ಕೆ ಬಾಗಿದ ಕೊಂಬೆಗೆ ಒಂದು ಸುತ್ತು, ಇನ್ನೊಂದು ಸುತ್ತು, ಎಳೆದು ನೋಡಿದ್ರು. ಎಳೆದು ನೋಡಿದ್ರಲ್ಲ, ಬರಲೇ ಬಾರದ ಮಗೂನ ತೊಟ್ಟಿಲು, ಬೀಳ್ತೈತೇನೋ ಅಂತ ಎಳೆದು ನೋಡಿದ್ರಲ್ಲ! ತೂಗವ್ವ, ಅಂತಾಳೆ ಈರಕ್ಕ. ತೂಗು ಚಂದ್ರಿ, ಅಂತಾರೆ ಇವರು. ನನ್ನ ಕೈ ಹೋತು, ತೊಟ್ಟಿಲನ್ನ ಹಿಡೀತು, ತೂಗಲಿಲ್ಲ. ಬಿಚ್ರಿ ಅಂದೆ. ಏನು? ಬಿಚ್ರಿ ಇದನ್ನ, ಗಿರಿಜೆಗೆ ಬೇಕು, ಗೊಂಬೆ ಮಲಗಿಸ್ಕಳ್ತಾಳೆ, ಈ ಮನೇಲಿ ಇನ್ನು ತೊಟ್ಟಿಲು ಬೇಕಿರೋದು ಆ ಗೊಂಬೆಗೇನೇ. ಅಯ್ಯಯ್ಯೋ ಕಟ್ಟಿದ್ದನ್ನ ಬಿಚ್ಚಬಾರ್ದು ಕಣವ್ವ ಅಂತ ಈರಕ್ಕ ಬಾಯಿ ಬಡ್ಕಂತಾಳೆ, ಇವರು ನನ್ನನ್ನೇ ನೋಡ್ತಾರೆ, ನೋಡ್ತಾ ನೋಡ್ತಾ ಮುಖದ ಕಳೆ ಇಳೀತು, ಚಂದ್ರೀ, ನಿಂಗೆ ಯಾರು — ಮೊದ್ಲು ಬಿಚ್ರಿ. ಬೆರಳು ಗಂಟಿಗೆ ಹೋದ್ವು, ಜಾರ್ತಾವೆ, ಉಗುರು ಹೋಗಲ್ಲ, ಮನೇಲಿ ನೋಡೋ ಹಂಗೇ ನನ್ನ ಕಡೆ ತಿರುಗಿ ನೋಡಿದ್ರು, ಬಂದು ಹಲ್ಲು ಹಾಕಲಿ ಅಂತ, ಇಲ್ಲ, ಈ ಸಲ ಬರಲ್ಲ, ನಿಂತಲ್ಲೇ ನಿಂತೆ, ಟ್ರಾನ್ಸಿಸ್ಟರು ಇವರ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು, ಎತ್ಕಳ್ಳಲಿಲ್ಲ, ಕೊಂಬೆಗೆ ಕೈ ಕೊಟ್ಟು, ಕತ್ತು ಚಾಚಿ, ಆ ಗಂಟಿಗೆ ಬಾಯಿ ಹಾಕಿದ್ರು, ಕಚ್ಚಿ ಎಳೀತಾರೆ, ಬಿಚ್ಚಲ್ಲ, ಕಣ್ಣಲ್ಲಿ ನೀರು, ಎಳೆದಾಗೆಲ್ಲ ತೊಟ್ಟಿಲು ಬಂದು ಕೆನ್ನೆಗೆ ಕುಟ್ಟತೈತೆ, ಎಳೀತಾರೆ, ಕುಟ್ಟತೈತೆ, ಎಳೀತಾರೆ, ಹಲ್ಲಿನಾಗೆ ಗಂಟು —