ಹಲ್ಲುಹಲ್ಲು ಅಂಚು

ಶುಕ್ರವಾರ ಹನ್ನೆರಡೂ ಮುಕ್ಕಾಲಿಗೆ ನಿಜಾಮುದ್ದೀನ ಚಾಚಾ ಕಸೂತಿ ಅಂಗಡಿಯ ಶಟರ್ ಎಳೆದು ಹೊರಗಿನಿಂದ ಕೀಲಿ ಹಾಕಿದ. ಪ್ರತಿ ಶುಕ್ರವಾರ ನಮಾಜಿಗೆ ಹೋಗುವಾಗ ಹೀಗೆಯೇ. ಹುಡುಗಿ ಒಬ್ಬಳೇ ಇರುತ್ತಾಳೆ, ಗೋಳಗುಮ್ಮಟ ನೋಡಲು ಬಂದವರು ಯಾರ್ಯಾರೋ ಅಂಗಡಿಗೆ ನುಗ್ಗುತ್ತಾರೆ, ಅದಕ್ಕೆ ಎನ್ನುತ್ತಿದ್ದ. ಒಳಗಿರುವ ಸುಧಾರಾಣಿಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ನಲವತ್ತೆಂಟು ಬ್ಯಾಜ್ ಮುಗಿಸಿಡವಾ. ಪೌಣೆ ಎರಡಕ್ಕ ಬರ್ತೇನಿ, ಆಮ್ಯಾಲ ಹೋಗಂತಿ," ಎಂದು ಹೊರಗಿನಿಂದಲೇ ಕೂಗಿದ.

"ಎರಡರ ಬಸ್ಸ್ ರೀ ಚಾಚಾ."

"ಗೊತ್ತೈತಿ, ಗೊತ್ತೈತಿ."

ಅವಳು ಅರ್ಜಿ ಹಾಕಿದ್ದು ಬಬಲೇಶ್ವರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ. ಸಂದರ್ಶನ ಮೂರರವರೆಗೆ. ಮೂರರ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲವೆಂದು ಅಲ್ಲಿನ ವಿಜಯಲಕ್ಷ್ಮೀ ಮೇಡಂ ಫೋನಿನಲ್ಲಿ ಹೇಳಿದ್ದರು.

ಸುಧಾರಾಣಿ ಕಸೂತಿ ಯಂತ್ರ ಚಾಲೂ ಮಾಡಿದಳು. ಆರು ಸೂಜಿತಲೆಗಳು ಒಮ್ಮೆಲೆ ಆರು ಬ್ಯಾಜ್ ಹೊಲಿಯುತ್ತವೆ. ನೀಲಿ ಬಟ್ಟೆಯ ಮೇಲೆ ಬಿಳಿ ಪುಸ್ತಕ, ಹಳದಿ ದೀಪ. ಎರಡೇ ಬಣ್ಣದ ದಾರ. ಯಂತ್ರ ಹತ್ತು ಹೊಲಿಗೆ ಹಾಕಿ ನಿಂತು ಕೂಗಿತು: ದಾರ ಬದಲಿಸು. ಗುಂಡಿ ಒತ್ತಿದಳು. ಮತ್ತೆ ನಾಲ್ಕು ಹೊಲಿಗೆ, ಮತ್ತೆ ಕೂಗು.

ದಾರಗಳ ಪಟ್ಟಿ ತೆರೆದು ನೋಡಿದಳು. ಅರವತ್ತೊಂದು ಬಣ್ಣ.

ಹೋದ ವಾರದವರೆಗೆ ಹೀಗಿರಲಿಲ್ಲ. ಹಳೆಯ ವಿಂಡೋಸ್ ಕಂಪ್ಯೂಟರ್ ಸುಟ್ಟ ಮೇಲೆ ಚಾಚಾನ ಅಳಿಯ ಲಿನಕ್ಸ್ ಹಾಕಿದ ಇನ್ನೊಂದನ್ನು ತಂದಿಟ್ಟಿದ್ದ. ಅದರಿಂದ ಯಂತ್ರಕ್ಕೆ ಚಿತ್ರ ಕಳಿಸಿದ್ದು ಇವತ್ತೇ ಮೊದಲು. ಪರದೆಯ ಮೇಲಿನ ದೀಪ ನೋಡಿ ಚಾಚಾ ಹಿಗ್ಗಿದ್ದ. "ಹಳೇದರಾಗ ಅಂಚು ಹಲ್ಲಹಲ್ಲ ಕಾಣ್ತಿತ್ತು. ಇದು ನೋಡ, ಬೆಣ್ಣಿ! ಯಾರೂ ಕೈ ಹಚ್ಚಬ್ಯಾಡ್ರಿ." ನಲವತ್ತು ವರ್ಷ ಕೈಯಲ್ಲಿ ಜರಿ ಕೆಲಸ ಮಾಡಿದವನು. ಕೊರಕಲು ಅಂಚು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಅವಳು ಚಿತ್ರವನ್ನು ದೊಡ್ಡದು ಮಾಡುತ್ತ ಹೋದಳು. ದೀಪದ ಹಳದಿಗೂ ಪುಸ್ತಕದ ಬಿಳಿಗೂ ನಡುವೆ ಸಾಲುಸಾಲು ಚೌಕಗಳು: ಮಾಸಲು ಹಳದಿ, ಇನ್ನೂ ಮಾಸಲು, ಕೆನೆ. ಕಣ್ಣಿಗೆ ನುಣುಪಾಗಿ ಕಾಣಲೆಂದು ಕಂಪ್ಯೂಟರ್ ತಾನೇ ಬೆರೆಸಿದ ಬಣ್ಣಗಳು. ಯಂತ್ರಕ್ಕೆ ಕಣ್ಣಿಲ್ಲ. ಒಂದೊಂದು ಚೌಕಕ್ಕೂ ಒಂದೊಂದು ದಾರ ಕೇಳುತ್ತಿತ್ತು.

ಚಿತ್ರವನ್ನು ಯಂತ್ರಕ್ಕೆ ಕಳಿಸುವ ಕಿಟಕಿಯ ಕೊನೆಯ ಸಾಲಿನಲ್ಲಿ 'ಆ್ಯಂಟಿಅಲಿಯಾಸಿಂಗ್' ಎಂದಿತ್ತು, ಅಂಚು ನುಣುಪು ಮಾಡುವುದು. ಮುಂದೆ ಟಿಕ್. ಹಳೆಯ ಕಂಪ್ಯೂಟರಿನಲ್ಲಿ ಯಾರೋ ಎಂದೋ ಅದನ್ನು ತೆಗೆದಿದ್ದಿರಬೇಕು. ಇವಳೂ ತೆಗೆದಳು. ಪರದೆಯ ಮೇಲೆ ದೀಪ ಹಲ್ಲುಹಲ್ಲಾಯಿತು. ಪಟ್ಟಿಯಲ್ಲಿ ಎರಡೇ ಬಣ್ಣ ಉಳಿದವು.

ಯಂತ್ರ ನಿಲ್ಲದೆ ಓಡಿತು. ದಾರದ ದಪ್ಪದಲ್ಲಿ ಹಲ್ಲುಗಳೆಲ್ಲ ಮುಚ್ಚಿಹೋದವು. ಒಂದೂವರೆಗೆ ಎಂಟು ಸುತ್ತು ಮುಗಿದವು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಶಟರಿನ ಹತ್ತಿರ ನಿಂತಳು.

ಒಂದೂ ಮುಕ್ಕಾಲಾಯಿತು. ಚಾಚಾನ ಫೋನ್ ಸ್ವಿಚ್ ಆಫ್.

"ತಂಗೀ, ಬರ್ತಿ ಇಲ್ಲೋ?" ಹೊರಗಿನಿಂದ ಟಾಂಗಾದ ಬೀರಣ್ಣ ಕೂಗಿದ. ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಹೇಳಿದ್ದವನು. "ಕುದರಿ ನಿಂತನಿಂತ ನಿದ್ದಿ ಹೊಡ್ಯಾಕತ್ತೈತಿ."

"ಕೀಲಿ ಹಾಕ್ಯಾರ ಅಣ್ಣಾ! ಚಾಚಾನ್ನ ನೋಡಿ ಬರ್ರಿ."

ಅವನು ಹೋಗಿ ಬಂದ. "ಮಸೂತಿ ಖಾಲಿ ಐತಿ ಬೇ. ದೋಸ್ತನ ಮನಿಗೆ ಊಟಕ್ಕ ಹೋಗ್ಯಾನಂತ. ಯಾರ ಮನಿ ಅಂತ ಯಾರಿಗೂ ಗೊತ್ತಿಲ್ಲ. ಕೀಲಿ ಒಡೀಲೇನು?"

ಒಡೆದರೆ ಸಂಜೆ ಪೊಲೀಸರ ಮುಂದೆ ನಿಲ್ಲುವವನು ಬೀರಣ್ಣ. "ಬ್ಯಾಡ," ಎಂದಳು.

ಎರಡಾಯಿತು. ಎರಡೂಕಾಲು. ಗಿರಾಕಿ ಸಿಕ್ಕನೆಂದು ಬೀರಣ್ಣ ಹೋದ.

ಎರಡೂವರೆ ದಾಟಿದ ಮೇಲೆ ಶಟರ್ ಎದ್ದಿತು. ಚಾಚಾನ ಬಾಯಲ್ಲಿ ಎಲೆಅಡಿಕೆ.

"ಬಿರ್ಯಾನಿ ತಿನ್ನದ ಬಿಡವಲ್ರು. ಬಸ್ ಮತ್ತೊಂದ ಇರಬೇಕಲ್ಲ?"

"ಅದು ಮೂರರ ಮ್ಯಾಲ ಮುಟ್ಟತೈತಿ."

"ಇರ್ಲಿ ಬಿಡ, ಇಲ್ಲೇನ ಕಮ್ಮಿ ಆಗೈತಿ ನಿನಗ." ಅವನು ಬ್ಯಾಜ್ ಎತ್ತಿ ಹೆಬ್ಬೆರಳಿನಿಂದ ಅಂಚು ಸವರಿದ. "ಶಾಬಾಸ್! ತಿಕೋಟಾ ಸಾಲೀವು ಅರವತ್ತು ಬ್ಯಾಜ್ ಅದಾವ, ಅವನ್ನೂ ಹಚ್ಚಿಬಿಡ. ನಾಲ್ಕಕ್ಕ ಒಯ್ಯಾಕ ಬರ್ತಾರ."

ಸುಧಾರಾಣಿ ಚೀಲ ಇಳಿಸಿ ಕುರ್ಚಿಯಲ್ಲಿ ಕೂತಳು. ಕಿಟಕಿಯ ಕೊನೆಯ ಸಾಲಿಗೆ ಮತ್ತೆ ಟಿಕ್ ಹಾಕಿ ತಿಕೋಟಾದ ಚಿತ್ರ ಕಳಿಸಿದಳು. ಯಂತ್ರ ಹತ್ತು ಹೊಲಿಗೆ ಹಾಕಿ ಕೂಗಿತು.

"ಏನಾತು?"

"ಅಂಚು ಬೆಣ್ಣಿ ಆಗೈತ್ರಿ. ಕೈ ಹಚ್ಚಬ್ಯಾಡ ಅಂದಿದ್ರಿ."

ಅವನು ಪರದೆಗೆ ಮುಖ ತಂದು ಮೇಲಿನಿಂದ ಕೆಳಗೆ ನೋಡಿದ. ಯಂತ್ರ ಕೂಗುತ್ತಲೇ ಇತ್ತು. "ಮದ್ಲ ಹೆಂಗ ಮಾಡಿದ್ಯೋ ಹಂಗ ಮಾಡ, ಯವ್ವಾ."

"ಶಟರಿನ ಎರಡನೇ ಕೀಲಿಕೈ ಕೊಡ್ರಿ."

"ಹೊರಗಿನ ಕೀಲಿ ಒಳಗಿಂದ ಹೆಂಗ ತೆಗೀತಿ?"

"ಶಟರ್ ಕೆಳಗ ತೂರಿಸಿದ್ರ ಬೀರಣ್ಣ ತೆಗೀತಾನ."

"ನಿನ್ನ ಕಾಳಜಿಗೇ ಕೀಲಿ ಹಾಕೂದು ನಾನು."

ಅವಳು ಕೈ ಚಾಚಿಕೊಂಡೇ ಕೂತಿದ್ದಳು. ಅವನು ಗಡಿಯಾರ ನೋಡಿದ, ಯಂತ್ರ ನೋಡಿದ. ಜುಬ್ಬಾದ ಕಿಸೆಯಿಂದ ಕೀಲಿಕೈ ಗೊಂಚಲು ತೆಗೆದ. ಶಟರಿನ ಎರಡೂ ಕೀಲಿಕೈ ಅದರಲ್ಲೇ ಇದ್ದವು. ಒಂದನ್ನು ಬಿಡಿಸಿ ಮೇಜಿನ ಮೇಲಿಟ್ಟ.

ಅವಳು ಅದನ್ನು ಚೀಲಕ್ಕೆ ಹಾಕಿ ಟಿಕ್ ತೆಗೆದಳು. ಯಂತ್ರ ಓಡತೊಡಗಿತು. ಶಟರ್ ಪೂರ್ತಿ ತೆರೆದಿತ್ತು. ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ ಬಾಕಿ.